ಬಸವಣ್ಣನ ಪಡಸಾಲೆ

ಸೊರಬದ ಸೂಪರ್‌ವೈಸರ್ ಮೇಡಂ ಅವರಿಗೆ ಅಂಗನವಾಡಿ ಟೀಚರ್ ತುಂಗಮ್ಮ ಮಾಡುವ ನಮಸ್ಕಾರ.

ಹಳೇ ಕಟ್ಟಡ ಬಿರುಕು ಬಿಟ್ಟಿದೆ, ಬೇರೆ ಜಾಗ ಸಿಗದಿದ್ದರೆ ಕೇಂದ್ರ ಮುಚ್ಚಬೇಕಾಗುತ್ತದೆ ಅಂದಿದ್ದಿರಿ. ಬಸವಣ್ಣನ ದಯೆಯಿಂದ ಅವನ ಗುಡಿಯ ಪಡಸಾಲೆಯೇ ಸಿಕ್ಕಿದೆ. ಪೂಜೆಗೆ ಗಲಾಟೆ ಆಗುತ್ತದೆ ಅಂತ ಊರ ಸಭೆಯಲ್ಲಿ ಇಬ್ಬರು ತಕರಾರು ತೆಗೆದರು. ಪೂಜಾರಿ ಕಲ್ಲಪ್ಪನವರು, "ಇಷ್ಟು ವರ್ಷ ನಿಮ್ಮ ಜಗಳ ಕೇಳಿದ ದೇವರು ಮಕ್ಕಳ ಪದ್ಯ ಕೇಳಲಾರನೇನ್ರೀ?" ಅಂದರು. ಸಭೆ ಒಪ್ಪಿಕೊಂಡಿತು.

ಸೋಮವಾರ ಬಂದು ನೋಡಿ, ಜಾಗ ಒಪ್ಪಿಗೆಯಾಯಿತು ಅಂತ ಬರೆದುಕೊಡಿ. ಬಂದಾಗ ಕಲ್ಲಿನ ಮೆಟ್ಟಿಲಲ್ಲೇ ಹತ್ತಿ. ಪಕ್ಕದ ಮರದ ಮೆಟ್ಟಿಲು ಬಡಗಿ ಜಬೀವುಲ್ಲಾ ಸಾಹೇಬರು ಮಕ್ಕಳ ಕಾಲಳತೆಗೆ ಮಾಡಿಕೊಟ್ಟದ್ದು. ನಾನು ಅದನ್ನು ತುಳಿದದ್ದಕ್ಕೆ ಅವರ ನಾಲ್ಕು ವರ್ಷದ ಮೊಮ್ಮಗಳು ಸಬ್ರೀನ್, "ಟೀಚರ್, ಇಳೀರಿ, ಇದು ನಮ್ದು" ಅಂದಳು. ಇಳಿದೆ.

ನಿಮ್ಮ ದಾರಿ ನೋಡುತ್ತಿರುವ,
ತುಂಗಮ್ಮ