ಡಿಸ್ಕ್ ತುಂಬೂತನಕ

ರಾಣೇಬೆನ್ನೂರು
೧೮ ಜನವರಿ ೨೦೨೬

ದೋಸ್ತ ಸುನೀಲಕುಮಾರಗ ಫಿರೋಜನ ಸಲಾಮು.

ಗುತ್ತಲದಾಗ ಆರಾಮ ಇದ್ದೀ ಅಂತ ತಿಳಕೊಂಡೇನಿ. ನಿಮ್ಮವ್ವ ತೀರಿಹೋದ ಮ್ಯಾಲ ನೀ ಊರ ಬಿಟ್ಟಿ, ನಾಕ ವರ್ಷಾತು. ನೀ ಎರಡ ಸಲ ಫೋನ್ ಮಾಡಿದ್ದಿ, ನಾನ ಎತ್ತಲಿಲ್ಲ. ಬೈಕೊ, ತಪ್ಪ ನಂದ.

ನಮ್ಮ ರಿಪೇರಿ ಅಂಗಡಿಯಾಗ ಇಬ್ರೂ ಕೂಡಿ ಹಚ್ಚಿದ ಬಿಟ್‌ಕಾಯಿನ್ ಮಷೀನು ಇನ್ನೂ ನಡದೈತಿ. ಜಗತ್ತಿನಾಗ ಯಾರು ಯಾರಿಗೆ ಆ ದುಡ್ಡ ಕಳಿಸಿದ್ರೂ ಅದರ ಲೆಕ್ಕದ ಪುಸ್ತಕದಾಗ ಬೀಳತೈತಿ, ಒಂದಕ್ಷರ ಅಳಸಾಕ ಬರೂದಿಲ್ಲ. ಮೊದಲ ಸಲ ಆ ಪುಸ್ತಕ ನೆಟ್‌ನಿಂದ ನಮ್ಮ ಡಿಸ್ಕಿಗೆ ಇಳಿಯಾಕ ಎರಡ ವಾರ ಹಿಡೀತು, ನೆನಪೈತೇನು? "ಈ ಪುಸ್ತಕ ಬೆಳಿಯೂ ರಭಸಕ್ಕ ಯಾವ ಡಿಸ್ಕೂ ಸಾಲೂದಿಲ್ಲ, ಯಾವ ನೆಟ್ಟೂ ಸಾಲೂದಿಲ್ಲ ನೋಡಲೇ" ಅಂತಿದ್ದಿ ನೀ. "ಬ್ಯಾಡಗಿಯಾಗ ಮೆಣಸಿನಕಾಯಿ ಹೆಚ್ಚಾದಂಗ ಕೋಲ್ಡ್ ಸ್ಟೋರೇಜೂ ಕಟ್ಟಲಿಲ್ಲೇನಲೇ, ಡಿಸ್ಕೂ ಹಂಗ ದೊಡ್ಡೂ ಆಕ್ಕಾವು" ಅಂತಿದ್ದೆ ನಾ. ನಿಮ್ಮವ್ವ ಹೊನ್ನವ್ವ ಬುತ್ತಿ ತಂದಾಕಿ, "ಮೊದಲ ರೊಟ್ಟಿ ತಿನ್ರಿ, ಆಮ್ಯಾಲ ಬಡದಾಡ್ರಿ" ಅಂತಿದ್ಲು. ಕಡೀಕ ಪಂಥ ಕಟ್ಟಿದ್ವಿ: ನಮ್ಮ ಒಂದ ಟಿಬಿ ಡಿಸ್ಕ್ ತುಂಬಿದ್ರ ನೀ ಗೆದ್ದಂಗ, ಅದಕ್ಕೂ ಮೊದಲ ದೊಡ್ಡ ಡಿಸ್ಕ್ ಕೈಗೆ ಸಿಕ್ರ ನಾ; ತುಂಬಿದ ದಿನ ಇಬ್ರೂ ಕೂಡಿ ನೋಡೂದು, ಸೋತಾವ ಉಣಸೂದು.

ಖರೇ ಅಂದ್ರ ನಾನ ಗೆದ್ದೇನಿ. ನಾಕ ಟಿಬಿ ಡಿಸ್ಕ್ ತಂದ ಡ್ರಾವರಿನಾಗ ಇಟ್ಟೇನಿ, ಹಚ್ಚಿಲ್ಲ. ಹಳೇದು ತುಂಬಿದ್ರರ ನೀ ಬರ್ತೀಯೇನೋ ಅಂತ ದಾರಿ ಕಾಯಾಕತ್ತೇನಿ. ದಿನಾ ಮುಂಜಾನೆ ಎಷ್ಟ ಜಾಗಾ ಉಳದೈತಿ ಅಂತ ನೋಡ್ತೇನಿ, ಕಡಿಮಿ ಆದಷ್ಟೂ ಖುಷಿ. ನನ್ನ ಹೆಂಡ್ತಿ ಸುಮಯ್ಯಾ, "ಸೋಲಾಕ ಹಿಂಗ ಹಪಹಪಿಸಾವ್ರನ್ನ ನಾ ಎಲ್ಲೂ ನೋಡಿಲ್ಲ ಬಿಡ್ರಿ" ಅಂತ ನಗತಾಳ. ಆದ್ರ ಹಾಳ ಪುಸ್ತಕ ಲಗೂ ಬೆಳಿಯವಲ್ದು. ತುಂಬಾಕ ಇನ್ನೂ ಎರಡ ವರ್ಷ ಬೇಕು. ಅಲ್ಲೀತನಕ ನನ್ನ ಕೈಲೆ ತಾಳಾಕ ಆಗೂದಿಲ್ಲ, ನಿನ್ನ ನೆನಪ ಭಾಳ ಆಗೇತಿ.

ಬಾರೋ. ಬಿಸಿ ರೊಟ್ಟಿ ಮಾಡಸ್ತೇನಿ, ನಾನ ಸೋತೆ ಅಂತ ತಿಳಕೊ. ಮ್ಯಾಲಿನ ಆ ಮಾಲೀಕ ನಿನ್ನ ಮನಿ ತಣ್ಣಗಿಟ್ಟಿರಲಿ.

ನಿನ್ನ
ಫಿರೋಜ್

ತಾ.ಕ.: ಅವ್ವಗ ಎದಿನೋವು ಬಂದ ಮಧ್ಯಾಹ್ನ ನನ್ನ ಫೋನ್ ಕೆಟ್ಟಿತ್ತು ಅಂತ ಹೇಳಿದ್ದೆ. ಸುಳ್ಳದು. ಅಂಗಡಿ ಲೈನ್ ಹೋಗಿತ್ತು, ಆ ಮೊದಲ ಸಲದ ಪುಸ್ತಕದ ಕಡೀ ತುಂಡು ಫೋನಿನ ನೆಟ್‌ನಿಂದ ಇಳಿಸಾಕತ್ತಿದ್ದೆ. ಫೋನ್ ಬಂದ್ರ ನೆಟ್ ಕಡೀತಿತ್ತು, ಅದಕ್ಕ ಯಾರದೂ ಬರದಂಗ ಮಾಡಿಟ್ಟಿದ್ದೆ. ಅವ್ವನ್ನ ಒಯ್ಯಾಕ ನನ್ನ ಕಾರ ಬೇಕಂತ ನೀ ಹನ್ನೊಂದ ಸಲ ಫೋನ್ ಹಚ್ಚಿದ್ಯಂತ. ಕಾರು ಅಂಗಡಿ ಮುಂದನ ನಿಂತಿತ್ತು. ಸಂಜಿಗೆ ಪುಸ್ತಕ ಪೂರಾ ಇಳೀತು. ಅವ್ವ ದವಾಖಾನಿ ಮುಟ್ಟಲಿಲ್ಲ. ಉಣ್ಣಾಕ ಬ್ಯಾಡಾದ್ರ ಬೈಯಾಕರ ಬಾ.