ಸ್ಪಾರಿಂಗ್‌ಗೆ ಜೋಡಿ ಬದಲಿಸುವ ಬಗ್ಗೆ

ಕರಾಟೆ ಮಾಸ್ಟರ್ ಅವರಿಗೆ ನಮಸ್ಕಾರ.

ನಿಮ್ಮ ಶಿಷ್ಯರ ವಿನಯ ನನಗೆ ಸಾಕುಸಾಕಾಗಿದೆ. ಬರೀ ಗಾಳಿಗೆ ಗುದ್ದಿ ಕಲಿತದ್ದು ಹೊಡೆತ ಬಿದ್ದಾಗ ಕೈಗೆ ಬರುವುದಿಲ್ಲ, ಅದಕ್ಕೇ ಎದುರಾಳಿಯ ಜೊತೆ ಸ್ಪಾರಿಂಗ್ ಬೇಕು ಎಂದವರು ನೀವೇ. ಆದರೆ ನಾನು ಎದುರು ನಿಂತರೆ ಬ್ಯಾಂಕಿನ ಹುಡುಗಿ ನನ್ನ ಭುಜ ಸವರಿ ಬಿಡುತ್ತಾಳೆ. ಮೆಕ್ಯಾನಿಕ್ ಮಹಾಶಯ ಕೈ ಎತ್ತುವ ಮೊದಲೇ "ನೋವಾಯ್ತಾ ಅಮ್ಮಾ?" ಎನ್ನುತ್ತಾನೆ. ನಿನ್ನೆ ರೇಗಿಹೋಗಿ, "ಹೊಡಿಯಪ್ಪಾ, ನಾನೇನು ಗಾಜಿನ ಗೊಂಬೆನಾ?" ಎಂದರೆ, ಓಡಿಹೋಗಿ ಕುರ್ಚಿ ತಂದು ಹಾಕಿದ! ಕೂರುವುದಕ್ಕೆ ನನ್ನ ಹೊಲಿಗೆ ಮಿಷಿನ್ ಮುಂದೆ ಸ್ಟೂಲ್ ಇಲ್ಲವೇ?

ದಯವಿಟ್ಟು ನಾಳೆಯಿಂದ ನನ್ನನ್ನು ಆ ಪೇಂಟರ್ ಜೊತೆ ನಿಲ್ಲಿಸಿ. ಬಾಗಿಲೆತ್ತರದ ಆಳು, ಎಡಚ. ಅಮ್ಮಾ ಎಂದು ಕರೆಯಲಿ, ಅಡ್ಡಿಯಿಲ್ಲ. ಆದರೆ ಕೈ ಹಿಂದೆಗೆಯಬಾರದೆಂದು ಹೇಳಿ. ಹೊಡೆತ ಬರುವಾಗ ನಾನು ಕಣ್ಣು ಮುಚ್ಚಿಕೊಳ್ಳುತ್ತೇನೆ. ಮೊದಲು ಆ ಅಭ್ಯಾಸ ಹೋಗಬೇಕು.

ಅವನೇ ಯಾಕೆ ಎಂದು ನೀವು ಕೇಳಬಹುದು. ನನ್ನ ಮಗನೂ ಅಷ್ಟೇ ಎತ್ತರ, ಅವನದೂ ಎಡಗೈ. ಅವನೂ ನನ್ನನ್ನು ಅಮ್ಮಾ ಎಂದೇ ಕರೆಯುತ್ತಾನೆ. ಹೊಡೆದ ಮೇಲೂ ನೋವಾಯ್ತಾ ಎಂದು ಕೇಳುವವನಲ್ಲ.

ಇಂತಿ,
ನಿಮ್ಮ ಸಂಜೆ ತರಗತಿಯ ಟೈಲರಮ್ಮ