ಮಂಡಕಳ್ಳಿಗೆ ಬಾರದ ವಿಮಾನ

ಕುಂಬಾರಕೊಪ್ಪಲು, ಮೈಸೂರು
ಆಷಾಢದ ಒಂದು ಭಾನುವಾರ, 1962

ಗೋಕುಲಂನ ಹೊಸ ಮನೆಯಲ್ಲಿ ಸುಖವಾಗಿರುವ ಗೆಳೆಯ ಚೆಲುವರಾಜುವಿಗೆ,

ನಡೆದೇ ಬರಬಹುದಾದ ದೂರಕ್ಕೆ ಅಂಚೆಯಲ್ಲಿ ಕಾಗದ ಹಾಕುತ್ತಿದ್ದೇನೆ, ನಗಬೇಡ. ಬಂದರೆ ನಿನ್ನ ವರಾಂಡದಲ್ಲಿ ಕೂರಬೇಕು. ಗಾಜು ಹಾಕಿಸಿ ಗೋಡೆಗೆ ತೂಗುಬಿಟ್ಟ ಸನ್ಮಾನ ಪತ್ರಗಳನ್ನು ಕಂಡೂ ಕಾಣದ ಹಾಗೆ ಇರಬೇಕು. ನಿನ್ನ ಹೆಂಡತಿ ಶಾರದಮ್ಮನವರು ಕೊಡುವ ಕಾಫಿ ಕುಡಿದು, ನಿನ್ನ ಕಾದಂಬರಿ ಮತ್ತೆ ಅಚ್ಚಾಗುತ್ತಿರುವ ಸುದ್ದಿಗೆ ‘ಬಹಳ ಸಂತೋಷ ಕಣಯ್ಯ’ ಅನ್ನಬೇಕು. ಅದು ನನ್ನಿಂದಾಗದು. ನಿನ್ನ ಮೇಲೆ ನನಗೆ ಹೊಟ್ಟೆಕಿಚ್ಚು, ಚೆಲುವ. ಇಷ್ಟು ವರ್ಷ ಅದಕ್ಕೆ ಬೇರೆ ಬೇರೆ ಹೆಸರಿಟ್ಟು ನೋಡಿದೆ. ಅಭಿಪ್ರಾಯಭೇದ ಅಂದೆ, ಸಾಹಿತ್ಯದ ಆದರ್ಶ ಅಂದೆ. ಯಾವುದೂ ಒಪ್ಪಲಿಲ್ಲ. ಹೊಟ್ಟೆಕಿಚ್ಚು ಅಂದರೇ ಸರಿಯಾಗಿ ಕೂತುಕೊಳ್ಳುತ್ತದೆ.

ಈಗ ವಿಷಯಕ್ಕೆ ಬರುತ್ತೇನೆ. ನನ್ನ ಮೂರು ಪುಸ್ತಕಗಳು ಒಟ್ಟಿಗೇ ಹೊರಬರುತ್ತಿವೆ. ಒಂದು ಪತ್ತೇದಾರಿ ಕಾದಂಬರಿ, ಒಂದು ನಗೆನಾಟಕ, ಇನ್ನೊಂದು ನಮ್ಮ ಬಾಲ್ಯದ ನೆನಪುಗಳು. ಪ್ರಕಾಶಕ ಮರಿಸ್ವಾಮಿ ಮೊನ್ನೆ ಅಚ್ಚುಕೂಟದಲ್ಲಿ ನನ್ನನ್ನು ಕೂರಿಸಿಕೊಂಡು, “ಸಾರ್, ಚೆಲುವರಾಜು ಅವರ ಕೈಲಿ ನಾಲ್ಕು ಸಾಲು ಮುನ್ನುಡಿ ಬರೆಸ್ಬುಡಿ. ಪುಸ್ತಕ ತಾನಾಗೇ ಓಡ್ತದೆ” ಅಂದ. ನನ್ನ ಪುಸ್ತಕಕ್ಕೆ ಅದರದೇ ಕಾಲಿದೆ ಅಂದೆ. ಅವನು ನನ್ನ ಮುಖ ನೋಡಿದ, ಗೋಡೌನಿನ ಕಡೆ ನೋಡಿದ. ಅಲ್ಲಿ ನನ್ನ ಹಿಂದಿನ ಎರಡು ಕಾದಂಬರಿಗಳು ಕಟ್ಟು ಬಿಚ್ಚದೆ ಕೂತಿವೆ. ಕೊನೆಗೆ, “ಅಂಗಾದ್ರೆ ಪುಸ್ತಕದ ಪರಿಚಯಾನ ನೀವೇ ಬರ್ಕೊಡಿ” ಅಂದ. ತನ್ನ ಪುಸ್ತಕವನ್ನು ತಾನೇ ಹೊಗಳಿಕೊಳ್ಳುವುದು ಎಷ್ಟು ಕಷ್ಟ ಅಂತ ನಿನಗೆ ಗೊತ್ತಿಲ್ಲ. ನಿನಗೆ ಆ ಕೆಲಸಕ್ಕೆ ಊರೇ ಇದೆ. ಅದಕ್ಕೇ ಮೊದಲು ನಿನಗೇ ಪರಿಚಯ ಮಾಡಿಕೊಡುತ್ತೇನೆ. ನಿನ್ನನ್ನು ಒಪ್ಪಿಸಿದರೆ ಮಿಕ್ಕವರು ಯಾವ ಲೆಕ್ಕ.

ಅದಕ್ಕೆ ಮುಂಚೆ ನಮ್ಮ ಮನೆಯ ಜಗಲಿಯ ವಿಚಾರ ಹೇಳಬೇಕು. ನೀನು ಇತ್ತ ಬರುವುದನ್ನು ಬಿಟ್ಟ ಮೇಲೆ ಶುರುವಾದದ್ದು ಅದು. ಊಟವಾದ ಮೇಲೆ ನಮ್ಮ ಬೀದಿಯ ಹೆಂಗಸರೆಲ್ಲ ಮಣೆ ತಂದು ನಮ್ಮ ಜಗಲಿಯ ಮೇಲೆ ಊದುಬತ್ತಿ ಹೊಸೆಯುತ್ತಾರೆ. ನಮ್ಮವ್ವನದು ಗೋಡೆಯ ಪಕ್ಕದ ಜಾಗ, ಎದುರಿಗೆ ಬೋರಮ್ಮ. ಕೈಗೆ ಕೆಲಸ, ಕಿವಿಗೆ ಬಿಡುವು. ಹಾಗಾಗಿ ನನ್ನ ಹೆಂಡತಿ ಇಂದ್ರ ಹೊಸಿಲ ಮೇಲೆ ಕೂತು ಅವರಿಗೆ ಕಾದಂಬರಿ ಓದಿ ಹೇಳುತ್ತಾಳೆ. ಪತ್ರಿಕೆಯವರ ವಿಮರ್ಶೆ ನಿನಗಿರಲಿ. ಪುಸ್ತಕ ಹೇಗಿದೆ ಅಂತ ತಿಳಿಯಬೇಕಾದರೆ ಆ ಕೈಗಳನ್ನು ನೋಡಬೇಕು. ಕಥೆ ಹಿಡಿದರೆ ಕೈ ನಿಲ್ಲುತ್ತದೆ. ಇಲ್ಲದಿದ್ದರೆ ಬತ್ತಿ ಸರಾಗವಾಗಿ ಹೊಸೆದುಕೊಂಡು ಹೋಗುತ್ತದೆ.

ನಿನ್ನ ‘ಹಂಚಿನ ಮನೆಯ ಸೊಸೆ’ ಓದಿದಾಗ ಬತ್ತಿಗೆ ಕಲಸಿದ ಹಿಟ್ಟು ಮಣೆಯ ಮೇಲೇ ಒಣಗಿತು. ಸೊಸೆ ತವರಿನ ಬಾಗಿಲು ತಟ್ಟದೆ ಹಿಂದಿರುಗುವ ಕಡೆ ಇಂದ್ರಳ ಓದೇ ನಿಂತುಹೋಯಿತು. ಬೆರಳೆಲ್ಲ ಕಪ್ಪಾಗಿದ್ದರಿಂದ ಅವ್ವ ಮೊಣಕೈಯಿಂದ ಕಣ್ಣು ಒರೆಸಿಕೊಂಡಳು. ನಾನು ಒಳಗೆ ಮಕ್ಕಳ ಕಾಪಿ ಪುಸ್ತಕ ತಿದ್ದುತ್ತಿದ್ದೆ. ಆವತ್ತು ಯಾವ ಹುಡುಗನಿಗೂ ಒಳ್ಳೆಯ ಅಂಕ ಬೀಳಲಿಲ್ಲ.

ಆಮೇಲೆ ಇಂದ್ರ ನನ್ನ ಕಾದಂಬರಿ ತೆಗೆದಳು. ಕೈಗಳು ನಿಲ್ಲಲಿಲ್ಲ. ಬತ್ತಿಯ ಮಾಲು ಒಯ್ಯಲು ಬರುವ ಮಹದೇವಪ್ಪ ಆ ವಾರ ನನ್ನನ್ನು ಬೀದಿಯಲ್ಲೇ ಹಿಡಿದು ನಿಲ್ಲಿಸಿ ಕೈಮುಗಿದ. “ಮೇಷ್ಟ್ರೇ, ಇನ್ಮೇಲೆ ನಿಮ್ ಪುಸ್ತಕಾನೇ ಓದ್ಸಿ. ಆ ಚೆಲುವರಾಜು ಅವರ್ದು ಓದಿದ್ ವಾರ ನಂಗೆ ಮಾಲೇ ಬರ್ನಿಲ್ಲ. ನಿಮ್ದು ಓದುದ್ರೆ ಕೆಲ್ಸ ಸೊಗಸಾಗಿ ಸಾಗ್ತದೆ.” ನನಗೆ ಈವರೆಗೆ ಸಿಕ್ಕಿರುವ ಸನ್ಮಾನ ಅದೊಂದೇ. ಬೇಕಾದರೆ ಅದಕ್ಕೂ ಗಾಜು ಹಾಕಿಸುತ್ತೇನೆ.

ಅಂದಿನಿಂದ ನನಗೆ ಬೇರೆ ಆಸೆ ಉಳಿಯಲಿಲ್ಲ. ನಮ್ಮವ್ವನ ಕೈ ನನ್ನ ಪುಸ್ತಕಕ್ಕೆ ಒಂದೇ ಒಂದು ಸಲ ನಿಲ್ಲಬೇಕು. ಈ ಮೂರು ಪುಸ್ತಕ ಬರೆದದ್ದು ಅದಕ್ಕೇ. ಒಂದು ಬಗೆಗೆ ನಿಲ್ಲದಿದ್ದರೆ ಇನ್ನೊಂದು ಬಗೆಗೆ ನಿಂತೀತು ಅಂತ.

ಮೊದಲನೆಯದು ‘ಗೋಡೆಯೊಳಗಿನ ಗಡಿಯಾರ’. ಒಂದು ಕೊಲೆ, ಒಂದು ಹಳೆಯ ಬಂಗಲೆ, ಸುಳಿವಿನ ಮೇಲೆ ಸುಳಿವು. ಅಪರಾಧಿ ಯಾರೆಂದು ಕೊನೆಯ ಪುಟದವರೆಗೆ ಬ್ರಹ್ಮನಿಗೂ ತಿಳಿಯಬಾರದೆಂದು ಹಟ ಹಿಡಿದು ಬರೆದೆ. ಅಚ್ಚುಕೂಟದಿಂದ ಬಂದ ಪ್ರೂಫ್ ಹಾಳೆಗಳನ್ನು ಇಂದ್ರ ಓದತೊಡಗಿದಳು. ಎರಡನೆಯ ಅಧ್ಯಾಯದಲ್ಲಿ ಶಾನುಭೋಗ ಬಂದು ಎಲ್ಲರಿಗೂ ಸಮಾಧಾನ ಹೇಳುತ್ತಾನೆ. ಬೋರಮ್ಮ ಬತ್ತಿಯಿಂದ ಕಣ್ಣೆತ್ತದೆ, “ಇವ್ನೇ ಕಣವ್ವ ಕೊಂದಿರೋನು. ಇಲ್ದಿದ್ರೆ ಇಷ್ಟು ನಯವಾಗಿ ಯಾಕ್ ಮಾತಾಡಾನು?” ಅಂದಳು. ಇಂದ್ರ ಕೊನೆಯ ಹಾಳೆ ತಿರುವಿ ನೋಡಿ, ಹಾಳೆಗಳನ್ನೆಲ್ಲ ಜೋಡಿಸಿ ಪಕ್ಕಕ್ಕಿಟ್ಟಳು. ಅಷ್ಟರಲ್ಲೇ ಎಲ್ಲರಿಗೂ ತಿಳಿದುಹೋಯಿತು.

ಎರಡನೆಯದು ‘ಅಳಿಯನ ಅರ್ಜಿ’. ಮೂರು ಅಂಕದ ನಗೆನಾಟಕ. ರಂಗದ ಮೇಲೆ ಇದು ಗೆದ್ದೇ ಗೆಲ್ಲುತ್ತದೆ, ಬರೆದಿಟ್ಟುಕೋ. ಆದರೆ ಇಂದ್ರ ಕಂಸದೊಳಗಿನ ಸೂಚನೆಗಳನ್ನೂ ಬಿಡದೆ ಓದಿದಳು. ‘ಅಳಿಯ ಬಲಗಡೆಯಿಂದ ಪ್ರವೇಶಿಸುವನು’ ಎಂಬಲ್ಲಿ ಅವ್ವ, “ಯಾರ ಬಲಗಡೆ?” ಅಂದಳು. ನೋಡುವವರದೋ, ಬರುವವನದೋ ಎಂಬ ಚರ್ಚೆಯಲ್ಲಿ ಮೊದಲನೆಯ ಅಂಕ ಮುಗಿಯಿತು. ನಕ್ಕರು, ಇಲ್ಲವೆನ್ನುವುದಿಲ್ಲ. ನಗುನಗುತ್ತಾ ಇನ್ನೂ ಜೋರಾಗಿ ಹೊಸೆದರು.

ಮೂರನೆಯದು ‘ಕೊಪ್ಪಲಿನ ಮಕ್ಕಳು’. ಇದರಲ್ಲಿ ನೀನಿದ್ದೀಯ. ಬಿಟ್ಟು ಬರೆಯಲು ಬಹಳ ಪ್ರಯತ್ನಪಟ್ಟೆ, ಆಗಲಿಲ್ಲ. ನಿಮ್ಮ ತಾಯಿ ಹೋದ ಮೇಲೆ ನೀನು ನಮ್ಮ ಮನೆಯಲ್ಲೇ ಉಂಡು ಬೆಳೆದೆ. ನನ್ನ ಬಾಲ್ಯದ ಯಾವ ಬಾಗಿಲು ತೆಗೆದರೂ ಒಳಗೆ ನೀನು ಮುದ್ದೆ ಮುರಿಯುತ್ತಾ ಕೂತಿರುತ್ತೀಯ, ಅದೂ ನನ್ನ ತಟ್ಟೆಯದಕ್ಕಿಂತ ದೊಡ್ಡ ಮುದ್ದೆ.

ಅದರಲ್ಲಿ ಮಂಡಕಳ್ಳಿಯ ಅಧ್ಯಾಯವಿದೆ. ನಿನಗೆ ನೆನಪಿರಲೇಬೇಕು. ಅಲ್ಲಿಯ ಬಯಲಿಗೆ ವಿಮಾನ ಇಳಿಯುತ್ತದಂತೆ ಎಂದು ಯಾರೋ ಹೇಳಿದರು. ಬೆಳಕು ಹರಿಯುವ ಮುಂಚೆ ಇಬ್ಬರೂ ರೊಟ್ಟಿ ಕಟ್ಟಿಕೊಂಡು ಹೊರಟೆವು. ನಡೆದು ನಡೆದು ಕಾಲಿನಲ್ಲಿ ಬೊಬ್ಬೆ ಎದ್ದವು. ಬೇಲಿಯ ಬದಿಯಲ್ಲಿ ಹೊತ್ತು ಮುಳುಗುವವರೆಗೆ ಆಕಾಶ ನೋಡುತ್ತಾ ಕೂತೆವು. ಒಂದು ನಾಯಿ ಬಯಲನ್ನು ದಾಟಿ ಹೋದದ್ದು ಬಿಟ್ಟರೆ ಏನೂ ನಡೆಯಲಿಲ್ಲ. ಕಾವಲಿನವನು, “ಇವತ್ತು ಬರಲ್ಲ, ಮನೇಗ್ ಹೋಗ್ರೋ” ಅಂತ ಎಬ್ಬಿಸಿದ. ದಾರಿಯುದ್ದಕ್ಕೂ ನಾನು ಅತ್ತೆ. ನೀನು ತಲೆಯೆತ್ತಿ ಆಕಾಶ ನೋಡುತ್ತಲೇ ನಡೆದೆ.

ಮನೆಗೆ ಬಂದರೆ ಬೀದಿಗೆ ಬೀದಿಯೇ ಜಗಲಿಯ ಮೇಲೆ ಕಾದಿತ್ತು. ನೀನು ಕಂಬ ಹಿಡಿದು ನಿಂತು ಶುರುಮಾಡಿದೆ. “ಮೊದ್ಲು ಸದ್ದು ಬಂತು ಕಣವ್ವ. ಆಮೇಲೆ ನೆರಳು ಬಂತು. ಹೊಲದಲ್ಲಿದ್ದ ಎಮ್ಮೆಗಳೆಲ್ಲ ಬಾಲ ಎತ್ಕೊಂಡು ಓಡೋದ್ವು. ನೆಲ ಮುಟ್ಟಿದ್ಮೇಲೆ ಒಳಗಿದ್ದ ಟೋಪಿಯೋನು ಕಿಟಕೀಲಿ ನನ್ನೇ ನೋಡಿ ಕೈ ಬೀಸ್ದ!” ನಾನು ಪಕ್ಕದಲ್ಲಿ ನಿಂತು ಸುಳ್ಳು, ಸುಳ್ಳು ಎಂದು ಕೂಗಿದೆ. ಅವ್ವ ನನ್ನ ತಲೆಗೆ ಮೊಟಕಿ, “ನಿನಗೆ ಕಾಣ್ದಿದ್ರೆ ಅವನಿಗೂ ಕಾಣ್ಬಾರ್ದೇನೋ?” ಅಂದಳು. ನನ್ನ ಹೊಟ್ಟೆಕಿಚ್ಚು ಹುಟ್ಟಿದ್ದು ಅಲ್ಲೇ, ಆ ಕಂಬದ ಪಕ್ಕದಲ್ಲಿ.

ಅಂದು ಕೇಳಿಸದ ನಿಜವನ್ನು ಅಚ್ಚಿನಲ್ಲಾದರೂ ಹೇಳೋಣವೆಂದು ಆ ಅಧ್ಯಾಯ ಬರೆದೆ. ಮೊದಲು ನಿನ್ನ ಮಾತುಗಳನ್ನು ಇದ್ದಂತೆಯೇ ಇಟ್ಟೆ. ಅದರ ಕೆಳಗೆ, ‘ವಿಮಾನ ಬರಲಿಲ್ಲ, ನಾನು ಸಾಕ್ಷಿ’ ಎಂದು ಶುರುವಾಗುವ ಒಂದು ದೊಡ್ಡ ಪ್ಯಾರಾ. ಅಷ್ಟು ಒಳ್ಳೆಯ ಗದ್ಯ ನಾನು ಇದುವರೆಗೆ ಬರೆದಿಲ್ಲ.

ನಿನ್ನೆ ಶನಿವಾರ, ಅರ್ಧ ದಿನದ ಶಾಲೆ. ನಾನು ಒಳಗಿದ್ದೆ. ಇಂದ್ರ ಆ ಅಧ್ಯಾಯ ಓದುತ್ತಿದ್ದಳು. ಮಣೆಯ ಮೇಲೆ ಅಂಗೈ ಉಜ್ಜುವ ಸದ್ದು ಕೇಳುತ್ತಲೇ ಇತ್ತು. ಇದ್ದಕ್ಕಿದ್ದ ಹಾಗೆ ಅದು ನಿಂತಿತು. ಕಿಟಕಿಯಲ್ಲಿ ಇಣುಕಿದೆ. ಎಲ್ಲರ ಕೈಯೂ ನಿಂತಿತ್ತು. ಅವ್ವನ ಕೈಯಲ್ಲಿ ಅರ್ಧ ಹೊಸೆದ ಕಡ್ಡಿ, ಬಾಯಿ ಸ್ವಲ್ಪ ತೆರೆದಿತ್ತು. ನನ್ನ ಎದೆ ಹೇಗೆ ಹೊಡೆದುಕೊಂಡಿತೆಂದು ನಿನಗೆ ಹೇಳಲಾರೆ. ಮದುವೆಯ ದಿನವೂ ಅಷ್ಟು ಹೊಡೆದುಕೊಂಡಿರಲಿಲ್ಲ.

ಆಮೇಲೆ ಇಂದ್ರ ಏನು ಓದುತ್ತಿದ್ದಾಳೆಂದು ಕೇಳಿಸಿಕೊಂಡೆ. ಎಮ್ಮೆಗಳು ಬಾಲ ಎತ್ತಿಕೊಂಡು ಓಡುತ್ತಿದ್ದವು. ಟೋಪಿಯವನು ಕೈ ಬೀಸಿದ. ‘ವಿಮಾನ ಬರಲಿಲ್ಲ’ ಎಂಬ ಸಾಲಿಗೆ ಇಂದ್ರ ಬಂದದ್ದೇ ತಡ, ಕೈಗಳು ಮತ್ತೆ ಹೊಸೆಯತೊಡಗಿದವು.

ನನ್ನ ಪುಸ್ತಕದಲ್ಲೂ ನೀನೇ ಗೆದ್ದೆಯಲ್ಲೋ! ಹೊರಗೆ ಬಂದು ಅವ್ವನ ಮುಂದೆ ನಿಂತೆ. “ಚೆಲುವ ಹೇಳ್ದಂಗೇ ಬರ್ದಿದೀಯ ಕಣಪ್ಪ. ಅವನೇ ನಿಂತ್ಕಂಡು ಹೇಳ್ದಂಗಾಯ್ತು” ಅಂದಳು. ಬೈಗುಳವೋ ಹೊಗಳಿಕೆಯೋ ನನಗೆ ತಿಳಿಯಲಿಲ್ಲ. ನಾನು, “ವಿಮಾನ ಬರಲಿಲ್ಲ ಅವ್ವ, ಕೆಳಗೆ ಬರೆದಿದೀನಲ್ಲ” ಅಂದೆ. ಅವಳು ಕಡ್ಡಿಯ ಮೇಲೆ ಬೂದಿಬಣ್ಣದ ಪುಡಿ ಉದುರಿಸುತ್ತಾ, “ನಿನಗೆ ಕಾಣ್ನಿಲ್ಲ ಅಂತ ಬರ್ನೇ ಇಲ್ಲ ಅಂತ ಬರ್ದ್ಬುಡೋದಾ? ಅವನ್ನ ಕರ್ಸು. ಅವನ ಬಾಯಲ್ಲೇ ಇನ್ನೊಂದ್ ಸಲ ಕೇಳ್ಬೇಕು” ಅಂದಳು. ಒಳಗೆ ಹೋಗುವಾಗ, “ಗೋಕುಲ ಏನ್ ಕಾಶಿನಾ? ಯಾಕ್ ಬರಲ್ವಂತೆ?” ಅಂದಳು. ನೀನು ಬರದಿರುವುದಕ್ಕೂ ನಾನೇ ಉತ್ತರ ಹೇಳಬೇಕು ನೋಡು.

ಇವತ್ತು ಬೆಳಿಗ್ಗೆ ಪ್ರೂಫ್ ಮುಂದಿಟ್ಟುಕೊಂಡು ಬಹಳ ಹೊತ್ತು ಕೂತೆ. ಕೊನೆಗೆ ಆ ಒಳ್ಳೆಯ ಗದ್ಯದ ಪ್ಯಾರಾವನ್ನು ಪೂರ್ತಿ ಹೊಡೆದುಹಾಕಿದೆ. ಈಗ ಆ ಪುಟದಲ್ಲಿ ಮಂಡಕಳ್ಳಿಗೆ ವಿಮಾನ ಬಂದಿದೆ. ಇಳಿಸಿದವನು ನಾನು, ಅದು ನಿನಗೆ ನೆನಪಿರಲಿ. ಮರಿಸ್ವಾಮಿಗೆ ಪರಿಚಯವನ್ನೂ ಬರೆದಿಟ್ಟಿದ್ದೇನೆ: ‘ಇದರ ಒಂದು ಪುಟಕ್ಕೆ ಕುಂಬಾರಕೊಪ್ಪಲಿನ ಕೆಂಚಮ್ಮನ ಕೈ ನಿಂತಿದೆ.’ ಕೆಂಚಮ್ಮ ನಮ್ಮವ್ವ ಅಂತಲೂ ಬರೆದಿಲ್ಲ, ಯಾವ ಪುಟ ಅಂತಲೂ ಬರೆದಿಲ್ಲ.

ಮುಂದಿನ ಭಾನುವಾರ ಊಟಕ್ಕೆ ಬಾ. ಅವ್ವ ಉಪ್ಪೆಸರು ಮಾಡುತ್ತಾಳೆ, ದೊಡ್ಡ ಮುದ್ದೆ ನಿನಗೇ ಹಾಕುತ್ತಾಳೆ, ನಾನು ನೋಡಿಕೊಂಡು ಸುಮ್ಮನಿರುತ್ತೇನೆ. ಊಟವಾದ ಮೇಲೆ ಅದೇ ಕಂಬ ಹಿಡಿದು ನಿಂತು ಹೇಳು. ಸದ್ದು, ನೆರಳು, ಎಮ್ಮೆಗಳು, ಒಂದನ್ನೂ ಬಿಡಬೇಡ. ನನ್ನದೊಂದೇ ಕೋರಿಕೆ. ಕೊನೆಗೆ ಬಂದಾಗ, ಆ ಟೋಪಿಯವನು ನಿನ್ನ ಪಕ್ಕದಲ್ಲಿದ್ದ ನನ್ನನ್ನೂ ನೋಡಿ ಕೈ ಬೀಸಿದ ಅನ್ನು. ನೀನು ಹೇಳಿದರೆ ಅವ್ವ ನಂಬುತ್ತಾಳೆ.

ನಿನಗೆ ಒಳ್ಳೆಯದಾಗಲಿ, ಚೆಲುವ. ಸ್ವಲ್ಪ ನಿಧಾನವಾಗಿ ಆಗಲಿ, ನನಗೂ ಒಂದಿಷ್ಟು ಉಳಿಯಲಿ.

ಇಂತು ನಿನ್ನ ಪಕ್ಕದಲ್ಲೇ ನಿಂತಿದ್ದ,
ಕಿಟ್ಟ
(ಕೃಷ್ಣಪ್ಪ ಮೇಷ್ಟ್ರು)